ಹಿಮದ ಅರಮನೆ: ಹೇಳದೆ ಉಳಿದ ಗುಟ್ಟನ್ನು ಓದುವ ಬಗೆ

ನಾರ್ವೆಯ ಟಾರ್ಯೈ ವೇಸೋಸ್ ಅವರ ಕಾದಂಬರಿ ‘ಹಿಮದ ಅರಮನೆ’ 1963ರಲ್ಲಿ ಪ್ರಕಟವಾಗಿ, ಮರುವರ್ಷವೇ ಉತ್ತರ ಯುರೋಪಿನ ನಾಡುಗಳು ಸೇರಿ ಕೊಡುವ ನಾರ್ಡಿಕ್ ಕೌನ್ಸಿಲ್ ಸಾಹಿತ್ಯ ಪ್ರಶಸ್ತಿಯನ್ನು ಪಡೆಯಿತು. ಕಥೆ ಚಿಕ್ಕದು. ತಾಯಿಯನ್ನು ಕಳೆದುಕೊಂಡ ಹನ್ನೊಂದರ ಹುಡುಗಿ ಉನ್, ತಾಯಿಯ ಸೋದರಿಯ ಮನೆ ಸೇರಿ, ಹೊಸ ಶಾಲೆಯಲ್ಲಿ ಯಾರ ಆಟಕ್ಕೂ ಸೇರದೆ ಅಂಗಳದ ಅಂಚಿನಲ್ಲಿ ಒಬ್ಬಳೇ ನಿಲ್ಲುತ್ತಾಳೆ. ಗೆಳತಿಯರ ಗುಂಪಿಗೆ ಮುಂದಾಳಾದ ಸಿಸ್‌ಳನ್ನು ಒಂದು ಸಂಜೆ ಮನೆಗೆ ಕರೆದು, ತನ್ನಲ್ಲೊಂದು ಗುಟ್ಟಿದೆ, ತಾನು ಸ್ವರ್ಗಕ್ಕೆ ಹೋಗುವೆನೆಂಬ ನಂಬಿಕೆ ತನಗಿಲ್ಲ ಎನ್ನುತ್ತಾಳೆ. ಸಿಸ್ ಹೆದರಿ ಓಡಿಹೋಗುತ್ತಾಳೆ. ಮರುದಿನ ಅವಳ ಮುಖ ನೋಡಲು ಸಂಕೋಚಪಟ್ಟ ಉನ್, ಶಾಲೆ ತಪ್ಪಿಸಿ, ಹೆಪ್ಪುಗಟ್ಟಿ ಹಿಮದ ಅರಮನೆಯಂತಾದ ಜಲಪಾತದತ್ತ ನಡೆಯುತ್ತಾಳೆ.

ಕಾದಂಬರಿ ಕನಸಿನ ತರ್ಕಕ್ಕೆ ಹೊರಳುವುದು ಇಲ್ಲಿ, ಮತ್ತು ನಾವು ಅತ್ಯಂತ ನಿಧಾನವಾಗಿ ಓದಬೇಕಾದ ಅಧ್ಯಾಯವೂ ಇದೇ. ಮಂಜುಗಡ್ಡೆಯ ಒಂದು ಕೋಣೆ ಕಲ್ಲಾದ ಕಾಡಿನಂತಿದೆ, ಇನ್ನೊಂದು ಕಣ್ಣೀರು ಸುರಿಸುವಂತೆ ತೊಟ್ಟಿಕ್ಕುತ್ತದೆ; ಕಿರಿದಾದ ಸಂದಿಯಲ್ಲಿ ನುಸುಳಲು ಉನ್ ತನ್ನ ಕೋಟನ್ನೇ ಕಳಚಿಡುತ್ತಾಳೆ. ಆದರೆ ವೇಸೋಸ್ ಇಲ್ಲಿ ಯಾವ ಮಾಯೆಯನ್ನೂ ತರುವುದಿಲ್ಲ. ನೀರು, ಚಳಿ, ಬೆಳಕು, ಇವು ಮೂರೇ ಸಾಮಗ್ರಿ. ಅವುಗಳಿಗೆ ಅದ್ಭುತದ ರೂಪ ಬರುವುದು ದುಃಖ ತುಂಬಿದ ಮಗುವಿನ ಕಣ್ಣಿನಲ್ಲಿ. ಕೊನೆಯ ಕೋಣೆಯಲ್ಲಿ, ಚಳಿಯೇ ಹಿತವೆನಿಸುವಷ್ಟು ಮರಗಟ್ಟಿದ ಉನ್, ಸಿಸ್ ಹೆಸರನ್ನು ಕರೆಯುತ್ತಾ ಸಾಯುತ್ತಾಳೆ.

ಆ ಗುಟ್ಟೇನು ಎಂಬ ಪ್ರಶ್ನೆಯ ಬೆನ್ನುಹತ್ತಬಾರದೆಂದು ನನ್ನ ಸಲಹೆ. ಕೃತಿ ಅದನ್ನು ಎಲ್ಲಿಯೂ ಬಿಚ್ಚುವುದಿಲ್ಲ. ಬದಲಾಗಿ, ಉನ್‌ಳ ಒಂಟಿತನ ಸಿಸ್‌ಗೆ ದಾಟುವ ಬಗೆಯನ್ನು ಗಮನಿಸೋಣ. ಉನ್‌ಳನ್ನಲ್ಲದೆ ಬೇರಾರನ್ನೂ ನೆನೆಯೆನೆಂದು ಸಿಸ್ ಮನಸ್ಸಿನಲ್ಲೇ ಮಾತು ಕೊಡುತ್ತಾಳೆ. ಉನ್ ನಿಲ್ಲುತ್ತಿದ್ದ ಜಾಗದಲ್ಲೇ ತಾನೂ ನಿಲ್ಲತೊಡಗುತ್ತಾಳೆ. ಅವಳ ಪಾಲಿಗೆ ಶೋಕವೆಂದರೆ ಅಳುವುದಲ್ಲ, ಸತ್ತವಳ ಜಾಗವನ್ನು ಖಾಲಿ ಬಿಡದಿರುವುದು. ಈ ಒಂಟಿತನ ಸಹಪಾಠಿಗಳು ದೂರ ತಳ್ಳಿದ್ದರಿಂದ ಬಂದದ್ದಲ್ಲ, ಸಿಸ್ ತಾನೇ ಆರಿಸಿಕೊಂಡದ್ದು ಎಂಬುದನ್ನು ಪರೀಕ್ಷೆಯ ಉತ್ತರಗಳಲ್ಲಿ ನಾವು ಹಲವರು ಮರೆಯುತ್ತೇವೆ.

ಕೃತಿಯ ಎರಡನೆಯ ಭಾಗಕ್ಕೆ ‘ಹಿಮ ಮುಚ್ಚಿದ ಸೇತುವೆಗಳು’ ಎಂದು ಹೆಸರು. ಸೇತುವೆ ಮುರಿದಿಲ್ಲ, ಮುಚ್ಚಿಹೋಗಿದೆ ಅಷ್ಟೇ. ಈ ವ್ಯತ್ಯಾಸವನ್ನು ಹಿಡಿದರೆ ಮುಂದಿನದು ತಿಳಿಯಾಗುತ್ತದೆ. ಉನ್ ಇನ್ನು ಬರುವುದಿಲ್ಲವೆಂದು ಒಪ್ಪಿಕೊಂಡ ಅವಳ ತಾಯಿಯ ಸೋದರಿ, ಮನೆ ಮಾರಿ ಊರು ಬಿಡುವ ಮುನ್ನ ಸಿಸ್‌ಳನ್ನು ಅವಳು ಮನಸ್ಸಿನಲ್ಲೇ ಕೊಟ್ಟ ಮಾತಿನಿಂದ ಬಿಡುಗಡೆ ಮಾಡುತ್ತಾಳೆ. ಆಕೆಯ ಪಾತ್ರ ಕೆಲವೇ ಪುಟಗಳದ್ದಾದರೂ, ಇಡೀ ಕೃತಿಯಲ್ಲಿ ಸಿಸ್‌ಳನ್ನು ಸರಿಯಾಗಿ ಅರಿತವಳು ಆಕೆಯೇ. ವಸಂತದಲ್ಲಿ ಅರಮನೆ ಕುಸಿಯುವುದು ರಾತ್ರಿಯಲ್ಲಿ. ಅದನ್ನು ನೋಡಲು ದಡದಲ್ಲಿ ಯಾರೂ ಇರುವುದಿಲ್ಲ.