ವಿಮಾನದ ಖರ್ಚನ್ನು ಹಾರಾಟದ ಎಷ್ಟು ಗಂಟೆಗಳಿಗೆ ಹಂಚಬೇಕು?

ಹಾಸನ, ಚಿಕ್ಕಮಗಳೂರಿನಲ್ಲಿ ಕೂತು ಡಿಜಿಸಿಎ (ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ) ನಡೆಸುವ ಪೈಲಟ್ ಪರೀಕ್ಷೆಗೆ ಓದುತ್ತಿರುವ ಗೆಳೆಯರಿಗಾಗಿ ಈ ಟಿಪ್ಪಣಿ. ಏರ್ ರೆಗ್ಯುಲೇಷನ್ಸ್ ಪುಸ್ತಕದಲ್ಲಿ ಯಾವ ಉಪಕರಣ ಕಡ್ಡಾಯ, ಯಾವುದು ಅಲ್ಲ ಎಂದು ಬಾಯಿಪಾಠ ಮಾಡುತ್ತೇವೆ. ಅದರ ಬಿಲ್ಲು ಯಾರ ಮೇಲೆ ಎಷ್ಟು ಬೀಳುತ್ತದೆ ಎಂದು ಕೇಳುವುದಿಲ್ಲ. ಸ್ವಂತಕ್ಕೆ ನಾಲ್ಕು ಸೀಟಿನ ವಿಮಾನ ಇಟ್ಟುಕೊಂಡವನ ಲೆಕ್ಕ ಹಿಡಿದು ಓದಿದರೆ ನಿಯಮಗಳು ತಾವಾಗಿ ತಲೆಗೆ ಹತ್ತುತ್ತವೆ. ಉದಾಹರಣೆಗಳು ಹೆಚ್ಚಾಗಿ ಅಮೆರಿಕದವು, ಖಾಸಗಿ ವಿಮಾನಗಳು ಅತಿ ಹೆಚ್ಚಿರುವುದು ಅಲ್ಲೇ.

ಖರ್ಚಿನಲ್ಲಿ ಎರಡು ಬಗೆ. ಹ್ಯಾಂಗರ್ ಬಾಡಿಗೆ, ವಿಮೆ, ವಾರ್ಷಿಕ ತಪಾಸಣೆ: ಹಾರಿದರೂ ಹಾರದಿದ್ದರೂ ಕಟ್ಟಬೇಕು. ಇಂಧನ, ಎಣ್ಣೆ: ಹಾರಿದಷ್ಟೇ. ನಾಲ್ಕು ಸೀಟಿನ ಸೆಸ್ನಾ 172 ವಿಮಾನ ಗಂಟೆಗೆ ಮೂವತ್ತು ಲೀಟರಿನ ಆಸುಪಾಸು ಕುಡಿಯುತ್ತದೆ. ಇಲ್ಲಿಯವರೆಗೆ ಯಾರಿಗೂ ತೊಡಕಿಲ್ಲ.

ಎಂಜಿನ್: 2,000 ಗಂಟೆಯೋ, 12 ವರ್ಷವೋ

ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿದ್ದು ಇದು. ಇಂಥ ಸಣ್ಣ ವಿಮಾನಗಳಲ್ಲಿರುವ ಲೈಕಮಿಂಗ್ ಓ-320 ಎಂಜಿನ್ನಿಗೆ ಕಂಪನಿ ಹೇಳುವ ಓವರ್‌ಹಾಲ್ ಅವಧಿ, ಅಂದರೆ ಎಂಜಿನ್ ಪೂರ್ತಿ ಬಿಚ್ಚಿ ರಿಪೇರಿ ಮಾಡಿಸುವ ಅವಧಿ (ಟಿಬಿಒ), 2,000 ಗಂಟೆ. ಅದೇ ಕಂಪನಿಯ ಸೂಚನೆಯಲ್ಲಿ ಇನ್ನೊಂದು ಸಾಲಿದೆ: ಅಷ್ಟು ಗಂಟೆ ಆಗದಿದ್ದರೆ 12ನೇ ವರ್ಷಕ್ಕೆ ಮಾಡಿಸಿ. ಹೆಚ್ಚಿನವರು ಖರ್ಚಿನ ಪಟ್ಟಿ ಮಾಡುವಾಗ 2,000 ಮಾತ್ರ ನೋಡುತ್ತಾರೆ.

ಲೆಕ್ಕಕ್ಕೆಂದು ಓವರ್‌ಹಾಲಿಗೆ 30 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳೋಣ. 2,000ದಿಂದ ಭಾಗಿಸಿದರೆ ಗಂಟೆಗೆ 1,500. ಪರವಾಗಿಲ್ಲ ಅನ್ನಿಸುತ್ತದೆ. ಆದರೆ ಭಾನುವಾರಗಳಲ್ಲಿ ಮಾತ್ರ ಹಾರುವವನು ವರ್ಷಕ್ಕೆ 60 ಗಂಟೆ ಹಾರಿದರೆ 12 ವರ್ಷಕ್ಕೆ ಆಗುವುದು 720. ಅವನಿಗೆ 2,000 ಬರುವುದೇ ಇಲ್ಲ, 12 ವರ್ಷ ಮೊದಲು ಬರುತ್ತದೆ. 30 ಲಕ್ಷವನ್ನು 720ರಿಂದ ಭಾಗಿಸಿ: ಗಂಟೆಗೆ ಸುಮಾರು 4,170. ಎಂಜಿನ್ ಅದೇ, ಬಿಲ್ಲೂ ಅದೇ, ಗಂಟೆಯ ಹೊರೆ ಮಾತ್ರ ಹತ್ತಿರಹತ್ತಿರ ಮೂರು ಪಟ್ಟು.

ಮೂಡಿಗೆರೆ ಕಡೆಯವರಿಗೆ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರದ ಲೆಕ್ಕ ಗೊತ್ತಿರುತ್ತದೆ. ಕೊಯ್ಲಿನ ಕೆಲವೇ ವಾರ ಓಡಿದರೂ ಇಡೀ ವರ್ಷದ ಖರ್ಚನ್ನು ಆ ವಾರಗಳ ಕಾಫಿಯೇ ಹೊರಬೇಕು. ಸಣ್ಣ ತೋಟಕ್ಕೆ ಅದು ಭಾರ. ಇಲ್ಲೂ ಹಾಗೆಯೇ.

ಆದ್ದರಿಂದ ನಾನು ಪಾಲಿಸುವ ಸೂತ್ರ: ವರ್ಷದ ಗಂಟೆಯನ್ನು 12ರಿಂದ ಗುಣಿಸಿ. ಬಂದದ್ದು 2,000ಕ್ಕಿಂತ ಕಡಿಮೆಯಿದ್ದರೆ ಅದರಿಂದಲೇ ಭಾಗಿಸಿ, ಹೆಚ್ಚಿದ್ದರೆ 2,000ದಿಂದ. ಗಡಿ ಎಲ್ಲಿದೆ ಎಂದು ನೋಡಿದರೆ ವರ್ಷಕ್ಕೆ ಸುಮಾರು 167 ಗಂಟೆ. ಒಬ್ಬನೇ ಮಾಲೀಕ, ಅದೂ ನೌಕರಿಯ ನಡುವೆ, ಅಷ್ಟು ಹಾರುವುದು ಕಷ್ಟ. ಅಮೆರಿಕದಲ್ಲಿ ಸ್ವಂತಕ್ಕೆ ಹಾರುವವನಿಗೆ ಟಿಬಿಒ ಕಾನೂನಿನ ಕಡ್ಡಾಯವಲ್ಲ, ಕಂಪನಿಯ ಸಲಹೆ. ಹಾಗೆಂದು ಹಣ ಕೂಡಿಡದೆ ಇರುವುದು ಜಾಣತನವಲ್ಲ: ನಿಂತ ಎಂಜಿನ್ನಿಗೆ ಒಳಗಿಂದ ತುಕ್ಕು ಹಿಡಿಯುತ್ತದೆ, ವರ್ಷದ ಮಿತಿಯನ್ನು ಇಟ್ಟಿರುವುದೂ ಅದಕ್ಕೇ.

ಸರ್ಕಾರದ ಕಡ್ಡಾಯ

ಇದೇ ಸೂತ್ರವನ್ನು ಎಡಿಎಸ್-ಬಿಗೆ ಹಚ್ಚಿ. ತಾನು ಎಲ್ಲಿದ್ದೇನೆ ಎಂದು ವಿಮಾನ ತಾನೇ ಸಾರುತ್ತಿರುವ ವ್ಯವಸ್ಥೆ ಅದು. ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ 2010ರಲ್ಲಿ ನಿಯಮ ಹೊರಡಿಸಿ, 2020ರ ಜನವರಿ 1ರಿಂದ ಕಡ್ಡಾಯ ಮಾಡಿತು. ಪರೀಕ್ಷೆಗೆ ಮೂರು ಮಾತು ನೆನಪಿಡಿ. ಕಡ್ಡಾಯವಾದದ್ದು ಸಾರುವ 'ಔಟ್' ಮಾತ್ರ, ಕೇಳಿಸಿಕೊಳ್ಳುವ 'ಇನ್' ಅಲ್ಲ. ಕಡ್ಡಾಯ ಇರುವುದು ವಿಮಾನದ ಮೇಲಲ್ಲ, ವಾಯುಪ್ರದೇಶದ ಮೇಲೆ: ದೊಡ್ಡ ನಿಲ್ದಾಣಗಳ ಸುತ್ತ, 10,000 ಅಡಿಯ ಮೇಲೆ, ಹೀಗೆ. ಹುಟ್ಟಿನಿಂದ ಎಂಜಿನ್ ಚಾಲಿತ ವಿದ್ಯುತ್ ವ್ಯವಸ್ಥೆ ಇಲ್ಲದ ಹಳೇ ವಿಮಾನ, ಗ್ಲೈಡರ್, ಬಲೂನುಗಳಿಗೆ ಕೆಲವೆಡೆ ವಿನಾಯಿತಿ.

ಖರ್ಚು ಕೂತಿರುವುದು ಸಾರುವ ಪೆಟ್ಟಿಗೆಯಲ್ಲಷ್ಟೇ ಅಲ್ಲ, ನಿಯಮ ಕೇಳುವ ನಿಖರತೆಯ ಸ್ಥಾನ ತಿಳಿಸುವ ಜಿಪಿಎಸ್‌ನಲ್ಲೂ. ಹಳೇ ಜಿಪಿಎಸ್ ಇದ್ದವರು ಅದನ್ನೂ ಬದಲಿಸಬೇಕಾಯಿತು. ಸರ್ಕಾರ 2016ರಲ್ಲಿ 500 ಡಾಲರ್ ರಿಯಾಯಿತಿ ಘೋಷಿಸಿತು, 20,000 ವಿಮಾನಗಳವರೆಗೆ. ಉಪಕರಣ, ಜೋಡಣೆ ಸೇರಿ 4 ಲಕ್ಷ, ಬಾಳಿಕೆ 10 ವರ್ಷ ಎಂದು ಹಿಡಿದರೆ, 60 ಗಂಟೆಯವನಿಗೆ ಗಂಟೆಗೆ 667. ವರ್ಷಕ್ಕೆ 300 ಗಂಟೆ ಹಾರಿಸುವ ತರಬೇತಿ ಶಾಲೆಗೆ 133. ನಿಯಮ ಇಬ್ಬರಿಗೂ ಒಂದೇ ಮಾತು ಹೇಳುತ್ತದೆ, ಭಾರ ಒಂದೇ ಅಲ್ಲ. ಸುರಕ್ಷತೆಗೆ ಈ ನಿಯಮ ಬೇಕು ಎಂದೇ ನಾನು ನಂಬುತ್ತೇನೆ. ರಿಯಾಯಿತಿಯನ್ನು ಕಡಿಮೆ ಹಾರುವವರ ಕಡೆಗೆ ಹೆಚ್ಚು ತಿರುಗಿಸಿದ್ದರೆ ನ್ಯಾಯವಾಗುತ್ತಿತ್ತು.

ನಮ್ಮಲ್ಲಿ ಇದಕ್ಕೆ ಹತ್ತಿರದ್ದು ಗಗನ್. ಜಿಪಿಎಸ್ ಸ್ಥಾನವನ್ನು ತಿದ್ದಿ ಕೊಡುವ ಈ ವ್ಯವಸ್ಥೆಯ ಉಪಕರಣ ಹೊತ್ತ ಜಿಸ್ಯಾಟ್-8 ಮತ್ತು ಜಿಸ್ಯಾಟ್-10 ಉಡಾವಣೆಯಾದ ಮೇಲೆ ಅವನ್ನು ಹತೋಟಿಗೆ ತೆಗೆದುಕೊಂಡು ಕಕ್ಷೆಗೆ ಏರಿಸಿದ್ದು ನಮ್ಮ ಹಾಸನದ ಎಂಸಿಎಫ್ (ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ). 2016ರ ವಿಮಾನಯಾನ ನೀತಿ 2019ರ ಜನವರಿ 1ರಿಂದ ನೋಂದಣಿಯಾಗುವ ವಿಮಾನಗಳಿಗೆ ಗಗನ್ ಇರಬೇಕೆಂದಿತು. ಆಮೇಲೆ ಆ ದಿನಾಂಕ 2021ರ ಜುಲೈ 1ಕ್ಕೆ ಹೋಯಿತು. ಗಮನಿಸಿ: ಇಲ್ಲಿ ಕಡ್ಡಾಯ ನೋಂದಣಿಯ ದಿನಾಂಕದ ಮೇಲೆ, ಅಲ್ಲಿ ವಾಯುಪ್ರದೇಶದ ಮೇಲೆ.

ತೆರಿಗೆ: 2025ರ ಸೆಪ್ಟೆಂಬರ್ 22ರಿಂದ ಸ್ವಂತ ಬಳಕೆಯ ವಿಮಾನಕ್ಕೆ ಜಿಎಸ್‌ಟಿ ಶೇ. 40. ಅದಕ್ಕೆ ಮೊದಲು ಶೇ. 28, ಮೇಲೆ ಸೆಸ್.

ಪಾಲುದಾರಿಕೆ

ತಲಾ 60 ಗಂಟೆ ಹಾರುವ ಮೂವರು ಸೇರಿ ಒಂದು ವಿಮಾನ ಕೊಂಡರೆ ವರ್ಷಕ್ಕೆ 180 ಗಂಟೆ, 12 ವರ್ಷಕ್ಕೆ 2,160. ಈಗ 2,000 ಮೊದಲು ಬರುತ್ತದೆ, ಗಂಟೆಗೆ 1,500 ಎಂಬ ಲೆಕ್ಕ ಕೊನೆಗೂ ನಿಜವಾಗುತ್ತದೆ. ಎಡಿಎಸ್-ಬಿ 667ರಿಂದ 222ಕ್ಕೆ ಇಳಿಯುತ್ತದೆ. ಹ್ಯಾಂಗರ್, ವಿಮೆಯನ್ನು ಇದೇ ರೀತಿ ನೀವೇ ಹಾಕಿ ನೋಡಿ. ವಿಮಾನ ಬೆಂಗಳೂರಿನ ಜಕ್ಕೂರು ನಿಲ್ದಾಣದಲ್ಲಿ, ಮಾಲೀಕ ಹಾಸನದಲ್ಲಿ ಇದ್ದರೆ ಒಂದೊಂದು ಸಲಕ್ಕೂ ರಸ್ತೆಯ ಡೀಸೆಲ್ ಸೇರಿಸಬೇಕು; ಅದು ಮಾತ್ರ ಮೂರು ಪಾಲಾಗುವುದಿಲ್ಲ.