ಒಂದೇ ಹೆಸರಿನ ನಾಲ್ಕು ಗಡ್ಡೆಗಳು

ಕಿವಿಯ ಗುಗ್ಗೆಯನ್ನು ಕುರಿತು ಯಾರೂ ಮರ್ಯಾದೆಯಿಂದ ಮಾತನಾಡುವುದಿಲ್ಲ. ಹೇರ್‌ಪಿನ್ನು, ಬೆಂಕಿಕಡ್ಡಿ, ಬೈಕಿನ ಕೀಲಿಕೈ, ಕೈಗೆ ಏನು ಸಿಕ್ಕಿತೋ ಅದರಿಂದ ಕೆದಕಿ ಬಿಸಾಡುವ ವಸ್ತು ಅದು. ಆದರೆ ಅದನ್ನು ತಯಾರಿಸುವುದಕ್ಕೆಂದೇ ಪ್ರತಿ ಕಿವಿಯಲ್ಲೂ ಒಂದರಿಂದ ಎರಡು ಸಾವಿರ ಪುಟ್ಟ ಗ್ರಂಥಿಗಳಿವೆ. ಈ ಗ್ರಂಥಿಗಳಲ್ಲೂ, ತೀರ ಅಪರೂಪಕ್ಕೆ, ಗಡ್ಡೆ ಬೆಳೆಯುತ್ತದೆ. ಅದಕ್ಕೆ ವೈದ್ಯರು ಇಟ್ಟ ಹೆಸರು ಸೆರುಮಿನೋಮಾ. ಲ್ಯಾಟಿನ್ನಿನಲ್ಲಿ ಮೇಣಕ್ಕೆ ಇರುವ ಪದದಿಂದ ಹುಟ್ಟಿದ ಮಾತು; ಕೇಳಲು ಚೆನ್ನಾಗಿಯೇ ಇದೆ. ತೊಂದರೆಯೆಂದರೆ, ಆ ಒಂದು ಹೆಸರಿನ ಮನೆಯಲ್ಲಿ ನಾಲ್ಕು ಬೇರೆ ಬೇರೆ ಕಾಯಿಲೆಗಳು ದಶಕಗಳ ಕಾಲ ಒಟ್ಟಿಗೆ ವಾಸವಾಗಿದ್ದವು. ಅವುಗಳಲ್ಲಿ ಒಂದು, ಸಣ್ಣ ಶಸ್ತ್ರಚಿಕಿತ್ಸೆಯಿಂದ ಮುಗಿದುಹೋಗುವಂಥದ್ದು. ಇನ್ನೊಂದು, ಹತ್ತು ಹದಿನೈದು ವರ್ಷ ಸುಮ್ಮನಿದ್ದು ಶ್ವಾಸಕೋಶದಲ್ಲಿ ತಲೆಯೆತ್ತಬಲ್ಲದ್ದು.

ಕಿವಿಯ ಹೊರನಾಳ ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದ. ಅದರ ಹೊರಗಿನ ಮೂರನೇ ಒಂದು ಭಾಗಕ್ಕೆ ಮೃದ್ವಸ್ಥಿಯ ಗೋಡೆ, ಒಳಗಿನ ಮೂರನೇ ಎರಡು ಭಾಗಕ್ಕೆ ಮೂಳೆಯ ಗೋಡೆ. ಒಳಭಾಗದ ಚರ್ಮ ಮೂಳೆಗೆ ಅಂಟಿಕೊಂಡ ತೆಳುಪೊರೆ. ಅಲ್ಲಿ ಕೂದಲೂ ಇಲ್ಲ, ಗ್ರಂಥಿಯೂ ಇಲ್ಲ. ಗುಗ್ಗೆಯ ಗ್ರಂಥಿಗಳೆಲ್ಲ ಇರುವುದು ಹೊರಭಾಗದಲ್ಲಿ. ಹಾಗಾಗಿ ಈ ಗಡ್ಡೆಗಳು ಹುಟ್ಟುವುದೂ ಅಲ್ಲೇ. ವಂಶದಲ್ಲಿ ಇವು ಕಂಕುಳಿನ ಬೆವರು ಗ್ರಂಥಿಗಳ ದಾಯಾದಿಗಳು. ಈ ನಂಟಿಗೆ ಜಪಾನಿನ ವಿಜ್ಞಾನಿಗಳು 2006ರಲ್ಲಿ ಒಂದು ಸೊಗಸಾದ ಪುರಾವೆ ಕೊಟ್ಟರು: ಗುಗ್ಗೆ ಅಂಟಂಟಾಗಿರುತ್ತದೆಯೋ ಹೊಟ್ಟಿನಂತೆ ಒಣಗಿರುತ್ತದೆಯೋ ಎಂಬುದನ್ನು ಒಂದೇ ಒಂದು ಜೀನ್‌ನ ಒಂದೇ ಅಕ್ಷರ ನಿರ್ಧರಿಸುತ್ತದೆ. ಕಂಕುಳಿನ ಬೆವರಿನ ವಾಸನೆಗೂ ಅದೇ ಜೀನ್‌ಗೂ ಸಂಬಂಧವಿದೆ.

ಮೃದ್ವಸ್ಥಿಯ ಈ ಗೋಡೆ ಗಟ್ಟಿಮುಟ್ಟಾದುದಲ್ಲ. ಅದರಲ್ಲಿ ಸಹಜವಾಗಿಯೇ ಸೀಳುಗಳಿವೆ. ಇಟಲಿಯ ಅಂಗರಚನಾ ತಜ್ಞ ಸಾಂಟೊರಿನಿಯ ಹೆಸರನ್ನು ಅವಕ್ಕೆ ಇಟ್ಟಿದ್ದಾರೆ. ಗೋಡೆಯ ಆಚೆ, ಮುಂಭಾಗದಲ್ಲಿ, ಪೆರೋಟಿಡ್ ಎಂಬ ದೊಡ್ಡ ಜೊಲ್ಲುಗ್ರಂಥಿ ಮತ್ತು ದವಡೆಯ ಕೀಲು. ಹಿಂದೆ ಮಾಸ್ಟಾಯ್ಡ್ ಮೂಳೆ, ಅದರೊಳಗಿಂದ ಇಳಿದು ಬರುವ ಮುಖದ ನರ. ನಾವು ನಗುವುದು, ಕಣ್ಣು ಮುಚ್ಚುವುದು, ತುಟಿ ಬಿಗಿಯುವುದು ಈ ನರದ ಕೃಪೆಯಿಂದ. ಸೀಳಿನಲ್ಲಿ ತೂರಿಕೊಂಡ ಗಡ್ಡೆಗೆ ನೆರೆಮನೆಗಳು ಬಹಳ ಹತ್ತಿರ. ದಾರಿ ಎದುರು ದಿಕ್ಕಿನಿಂದಲೂ ತೆರೆದಿದೆ: ಪೆರೋಟಿಡ್‌ನಲ್ಲಿ ಹುಟ್ಟಿದ ಗಡ್ಡೆ ಕಿವಿಯೊಳಗೆ ಇಣುಕಿ, ಅಲ್ಲಿಯದೇ ಎಂಬಂತೆ ನಟಿಸುವುದುಂಟು.

ಗುಗ್ಗೆಯ ಗ್ರಂಥಿಯ ಗಡ್ಡೆಯನ್ನು ಮೊದಲು ವಿವರಿಸಿದ ಶ್ರೇಯಸ್ಸು ಜರ್ಮನ್ ವೈದ್ಯ ಹೌಗ್‌ಗೆ ಸಲ್ಲುತ್ತದೆ; ವರ್ಷ 1894. ಕಿವಿಯ ವೈದ್ಯವು ಜರ್ಮನಿ, ಆಸ್ಟ್ರಿಯಾಗಳಲ್ಲಿ ಪ್ರತ್ಯೇಕ ವಿದ್ಯೆಯಾಗಿ ಬೇರೂರಿದ್ದ ಕಾಲ ಅದು. ಹಣೆಗೆ ಕನ್ನಡಿ ಕಟ್ಟಿಕೊಂಡು ಕಿವಿಯೊಳಗೆ ಬೆಳಕು ಹಾಯಿಸುವ ಕ್ರಮ ರೂಢಿಗೆ ಬಂದು ಒಂದು ತಲೆಮಾರು ಕಳೆದಿತ್ತು. ಕಂಡದ್ದನ್ನು ಕತ್ತರಿಸಿ ಸೂಕ್ಷ್ಮದರ್ಶಕದಡಿ ಇಡುವುದೂ ಶುರುವಾಗಿತ್ತು. ಆದರೆ ಒಬ್ಬ ವೈದ್ಯ ತನ್ನ ಇಡೀ ವೃತ್ತಿಜೀವನದಲ್ಲಿ ಇಂಥ ಒಂದೋ ಎರಡೋ ಗಡ್ಡೆ ನೋಡಿದರೆ ಹೆಚ್ಚು. ಹೋಲಿಸಿ ನೋಡಲು ಇನ್ನೊಂದು ಇಲ್ಲದಿದ್ದಾಗ ಎಲ್ಲವೂ ಒಂದೇ ಜಾತಿಯಂತೆ ಕಾಣುವುದು ಸಹಜ. ಗುಗ್ಗೆಯ ಗ್ರಂಥಿಯಿಂದ ಬಂದದ್ದು, ಗಡ್ಡೆಯಾಗಿದೆ, ಆದ್ದರಿಂದ ಸೆರುಮಿನೋಮಾ. ಅಷ್ಟಕ್ಕೆ ಕಡತ ಮುಚ್ಚುತ್ತಿತ್ತು.

ಇದರ ಫಲವನ್ನು ಹಳೆಯ ವರದಿಗಳಲ್ಲಿ ನೋಡಬೇಕು. ಒಬ್ಬರು ಇದು ನಿರುಪದ್ರವಿ ಎನ್ನುತ್ತಾರೆ. ಮತ್ತೊಬ್ಬರು ಎಷ್ಟು ಸಲ ಕತ್ತರಿಸಿದರೂ ಮರಳಿ ಬರುತ್ತದೆ ಎನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ; ಇಬ್ಬರೂ ನೋಡುತ್ತಿದ್ದದ್ದು ಬೇರೆ ಬೇರೆ ಗಡ್ಡೆಗಳನ್ನು. 1957ರಲ್ಲಿ ಜಾನ್‌ಸ್ಟೋನ್, ಲೆನಾಕ್ಸ್ ಮತ್ತು ವಾಟ್ಸನ್ ಐದು ಪ್ರಕರಣಗಳ ವರದಿ ಬರೆದಾಗ, ಶೀರ್ಷಿಕೆಯಲ್ಲೇ ‘ಸೆರುಮಿನೋಮಾ ಎನ್ನಲಾಗುವ’ ಎಂದು ಸೇರಿಸಿ ಹೆಸರಿನ ಮೇಲೆ ಅನುಮಾನ ತೋರಿಸಿದರು. ವೈದ್ಯಕೀಯ ಬರವಣಿಗೆಯ ಬಿಗಿ ಶಿಷ್ಟಾಚಾರದಲ್ಲಿ ಅದು ಸಾಕಷ್ಟು ಗಟ್ಟಿಯಾದ ಮೂಗುಮುರಿತವೇ.

ಹೆಸರಿನ ಮನೆಯನ್ನು ಪಾಲು ಮಾಡಿದ್ದು 1972ರಲ್ಲಿ. ಅಮೆರಿಕದ ವೆಟ್ಲಿ ಮತ್ತು ಸಂಗಡಿಗರು ಈ ಗಡ್ಡೆಗಳನ್ನು ನಾಲ್ಕಾಗಿ ವಿಂಗಡಿಸಿದರು. ಎರಡು ಸಾಧು: ಸೆರುಮಿನಸ್ ಅಡಿನೋಮಾ ಮತ್ತು ಪ್ಲಿಯೋಮಾರ್ಫಿಕ್ ಅಡಿನೋಮಾ. ಎರಡು ಕ್ಯಾನ್ಸರ್: ಅಡಿನಾಯ್ಡ್ ಸಿಸ್ಟಿಕ್ ಕಾರ್ಸಿನೋಮಾ ಮತ್ತು ಸೆರುಮಿನಸ್ ಅಡಿನೋಕಾರ್ಸಿನೋಮಾ. ನಂತರ ಸಣ್ಣಪುಟ್ಟ ತಿದ್ದುಪಡಿಗಳಾಗಿವೆ, ಒಂದೆರಡು ಹೆಸರುಗಳು ಸೇರಿಕೊಂಡಿವೆ. ಆದರೆ ಚೌಕಟ್ಟು ಇಂದಿಗೂ ಬಹುಮಟ್ಟಿಗೆ ಅದೇ. ನನ್ನನ್ನು ಕೇಳಿದರೆ, ಈ ಕಾಯಿಲೆಯ ಚರಿತ್ರೆಯಲ್ಲಿ ಯಾವ ಹೊಸ ಯಂತ್ರಕ್ಕಿಂತಲೂ ಹೆಚ್ಚು ಉಪಕಾರ ಮಾಡಿದ್ದು ಈ ಪಟ್ಟಿ. ಕತ್ತಿ ಎಷ್ಟು ದೂರ ಹೋಗಬೇಕು ಎಂಬುದನ್ನು ತೀರ್ಮಾನಿಸುವುದು ಹೆಸರೇ ತಾನೇ.

ಸಾಧು ಗಡ್ಡೆಗಳ ಕುರಿತು ಹೆಚ್ಚು ಹೇಳಬೇಕಾದ್ದಿಲ್ಲ. ಥಾಂಪ್ಸನ್, ನೆಲ್ಸನ್ ಮತ್ತು ಬಾರ್ನ್ಸ್ 2004ರಲ್ಲಿ, ಮೂವತ್ತು ವರ್ಷಗಳ ಅವಧಿಯಲ್ಲಿ ಅಮೆರಿಕದ ದೊಡ್ಡ ಸಂಗ್ರಹವೊಂದಕ್ಕೆ ಬಂದು ಸೇರಿದ್ದ ಮಾದರಿಗಳನ್ನು ಮತ್ತೆ ತೆರೆದು ನೋಡಿದರು. ಸಿಕ್ಕಿದ್ದು ಒಟ್ಟು 41. ಅವುಗಳಲ್ಲಿ 36 ಸೆರುಮಿನಸ್ ಅಡಿನೋಮಾ, 4 ಪ್ಲಿಯೋಮಾರ್ಫಿಕ್ ಅಡಿನೋಮಾ, ಉಳಿದ ಒಂದು ಬೇರೆ ಬಗೆಯದು. ಇದು ಎಷ್ಟು ಅಪರೂಪದ ಕಾಯಿಲೆ ಎಂಬುದಕ್ಕೆ ಬೇರೆ ಲೆಕ್ಕ ಬೇಡ. ರೋಗಿಗಳು ಹೆಚ್ಚಾಗಿ ನಡುವಯಸ್ಸು ದಾಟಿದವರು. ದೂರು ಸಾಮಾನ್ಯ: ಕಿವಿ ಕಟ್ಟಿದಂತಿದೆ, ಏನೋ ಗಂಟು ಕೈಗೆ ತಾಗುತ್ತದೆ. ಸೂಕ್ಷ್ಮದರ್ಶಕದಡಿ ಈ ಗಡ್ಡೆಯ ನಳಿಕೆಗಳಿಗೆ ಎರಡು ಸಾಲು ಜೀವಕೋಶಗಳ ಅಸ್ತರು ಕಾಣುತ್ತದೆ. ಒಳಸಾಲಿನ ಕೋಶಗಳಲ್ಲಿ ಹೊಂಬಣ್ಣ ಬೆರೆತ ಕಂದು ಕಣಗಳು. ಅದು ಗುಗ್ಗೆಯ ಬಣ್ಣ. ಗಡ್ಡೆಯಾದರೂ ಗ್ರಂಥಿ ತನ್ನ ಕುಲಕಸುಬನ್ನು ಮರೆತಿಲ್ಲ. ಆ ಬಣ್ಣ ಕಂಡ ರೋಗಶಾಸ್ತ್ರಜ್ಞರಿಗೆ ಅರ್ಧ ನೆಮ್ಮದಿ, ಏಕೆಂದರೆ ಕ್ಯಾನ್ಸರಿನಲ್ಲಿ ಅದು ಸಾಮಾನ್ಯವಾಗಿ ಇರುವುದಿಲ್ಲ. ಸುತ್ತಲಿನ ಒಂದಿಷ್ಟು ಆರೋಗ್ಯವಂತ ಅಂಗಾಂಶದೊಂದಿಗೆ ಪೂರ್ತಿ ತೆಗೆದುಬಿಟ್ಟರೆ ಕಥೆ ಮುಗಿಯಿತು. ಮರುಕಳಿಸುವುದು, ಕತ್ತರಿಸುವಾಗ ಚೂರು ಉಳಿದುಬಿಟ್ಟಲ್ಲಿ.

ನಿಜವಾದ ತಂಟೆಕೋರ ಅಡಿನಾಯ್ಡ್ ಸಿಸ್ಟಿಕ್ ಕಾರ್ಸಿನೋಮಾ. ಇದರ ಮೂಲ ಊರು ಜೊಲ್ಲುಗ್ರಂಥಿ. ಹೊಟ್ಟೆಯ ಶಸ್ತ್ರಚಿಕಿತ್ಸೆಗೆ ಹೆಸರಾದ ಥಿಯೋಡರ್ ಬಿಲ್‌ರೋತ್ ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲೇ ಇದನ್ನು ಕಂಡು ‘ಸಿಲಿಂಡ್ರೋಮಾ’ ಎಂದು ಕರೆದಿದ್ದರು. ಅದಕ್ಕೂ ಗಡ್ಡೆ ಎಂದಷ್ಟೇ ಸೂಚಿಸುವ ‘ಓಮಾ’ ಬಾಲ, ಅದೂ ಸಾಧುವಿನ ವೇಷ. ಸೂಕ್ಷ್ಮದರ್ಶಕದಡಿ ಇದು ಜರಡಿಯಂತೆ ತೂತು ತೂತಾಗಿ, ನೋಡಲು ಅಚ್ಚುಕಟ್ಟಾಗಿ ಕಾಣುತ್ತದೆ. ಗುಣ ಮಾತ್ರ ಹಾಗಿಲ್ಲ. ನರದ ಸುತ್ತಲಿನ ಪೊರೆಯನ್ನು ಹಿಡಿದು, ಬಳ್ಳಿ ಹಂದರಕ್ಕೆ ಹಬ್ಬಿದ ಹಾಗೆ, ಕಣ್ಣಿಗೆ ಕಾಣುವ ಗಡ್ಡೆಯ ಅಂಚಿನಿಂದ ಬಹುದೂರ ಹೋಗುತ್ತದೆ. ಆದ್ದರಿಂದಲೇ ಇದರ ಮುಖ್ಯ ಲಕ್ಷಣ ನೋವು. ಗಂಟು ಎದ್ದು ಕಾಣುವ ಮೊದಲೇ, ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ, ಕಿವಿಯಲ್ಲಿ ನೋವಿರುತ್ತದೆ.

2009ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ಈ ಕ್ಯಾನ್ಸರಿನ ಒಳಗುಟ್ಟೊಂದನ್ನು ಬಿಚ್ಚಿದರು. 6ನೆಯ ಮತ್ತು 9ನೆಯ ವರ್ಣತಂತುಗಳ ತುಂಡುಗಳು ಅದಲುಬದಲಾಗಿ, ಎಂವೈಬಿ ಮತ್ತು ಎನ್‌ಎಫ್‌ಐಬಿ ಎಂಬ ಎರಡು ಜೀನ್‌ಗಳು ಒಂದಕ್ಕೊಂದು ಬೆಸೆದುಕೊಂಡಿರುತ್ತವೆ. ಅಂದಾಜಿನಲ್ಲಿ ಹೆಸರಿಡುತ್ತಿದ್ದ ಕೆಲಸಕ್ಕೆ ಇದೊಂದು ಗಟ್ಟಿ ಗುರುತು ಸಿಕ್ಕಂತಾಯಿತು. ಅದೇ ವರ್ಷ ಥಾಂಪ್ಸನ್‌ರ ತಂಡ ಗುಗ್ಗೆಯ ಗ್ರಂಥಿಯ 17 ಕ್ಯಾನ್ಸರುಗಳ ಅಧ್ಯಯನ ಪ್ರಕಟಿಸಿತು. ಅವುಗಳಲ್ಲಿ ಹೆಚ್ಚಿನವು ಈ ಜಾತಿಯವೇ.

ಇನ್ನು ಪತ್ತೆಯ ವಿಚಾರ. ನಮ್ಮಲ್ಲಿ ಕಿವಿ ನೋವು, ಕಿವಿ ಸೋರುವುದು ಎಂದರೆ ಸೋಂಕು ಎಂದೇ ಅರ್ಥ, ಮತ್ತು ನೂರಕ್ಕೆ ತೊಂಬತ್ತೊಂಬತ್ತು ಪಾಲು ಆ ಊಹೆ ಸರಿಯೂ ಹೌದು. ಹಾಗಾಗಿ ಮೊದಲು ಬಿಸಿ ಎಣ್ಣೆ, ಆಮೇಲೆ ಔಷಧದಂಗಡಿಯ ಡ್ರಾಪ್ಸ್, ಆಮೇಲೆ ಡಾಕ್ಟರು, ಅವರಿಂದ ಇನ್ನೊಂದು ಡ್ರಾಪ್ಸ್. (ಬಿಸಿ ಎಣ್ಣೆಯನ್ನು ಯಾವ ಕಾಯಿಲೆಗೂ ಹಾಕಬಾರದು ಎಂಬುದು ಬೇರೆ ಮಾತು.) ಇದರಲ್ಲಿ ವೈದ್ಯರನ್ನು ದೂರುವುದು ನ್ಯಾಯವಲ್ಲ. ಒಂದು ಗಡ್ಡೆಗೆ ಎದುರಾಗಿ ಸಾವಿರಾರು ಸೋಂಕುಗಳನ್ನು ಅವರು ನೋಡಿರುತ್ತಾರೆ. ಆದರೆ ಒಂದೇ ಕಿವಿಯಲ್ಲಿ ನೋವು, ಕಾಣುವ ಉರಿಯೂತಕ್ಕೆ ಹೊಂದದಷ್ಟು ಜೋರು, ವಾರಗಟ್ಟಲೆ ಔಷಧ ಹಾಕಿದರೂ ಇಳಿಯುತ್ತಿಲ್ಲ, ಸೋರುವುದರಲ್ಲಿ ರಕ್ತದ ಬಣ್ಣವಿದೆ ಎಂದಾದರೆ ಲೆಕ್ಕ ಬದಲಾಗಬೇಕು. ಆ ಬದಿಯ ಮುಖ ಸೊಟ್ಟಗಾಗತೊಡಗಿದರೆ ಹೇಳುವುದೇ ಬೇಡ, ಅಂದೇ ತಜ್ಞರ ಬಳಿಗೆ ಹೋಗಬೇಕು.

ಅಲ್ಲೂ ಒಂದು ತೊಡಕಿದೆ. ಗಡ್ಡೆ ಚರ್ಮದ ಅಡಿಯಲ್ಲಿರುತ್ತದೆ. ಮೇಲಿನ ಚರ್ಮ ಬಹಳ ಸಲ ಸರಿಯಾಗಿಯೇ ಇರುತ್ತದೆ. ಮೇಲುಮೇಲಿನಿಂದ ಚಿವುಟಿ ತೆಗೆದ ಬಯಾಪ್ಸಿಯಲ್ಲಿ ಊದಿದ ಚರ್ಮ ಬಿಟ್ಟು ಬೇರೇನೂ ಸಿಗುವುದಿಲ್ಲ. ‘ಉರಿಯೂತ ಮಾತ್ರ’ ಎಂದು ವರದಿ ಬರುತ್ತದೆ, ರೋಗಿ ದೇವರಿಗೆ ಕೈಮುಗಿಯುತ್ತಾರೆ, ಮತ್ತೆ ಡ್ರಾಪ್ಸ್ ಶುರುವಾಗುತ್ತದೆ. ಚೂರು ಆಳವಾಗಿರಬೇಕು, ಗಡ್ಡೆಯ ಅಂಚನ್ನೂ ಒಳಗೊಂಡಿರಬೇಕು. ಸಾಧು ಅಡಿನೋಮಾವನ್ನೂ ಮೆದು ಸ್ವಭಾವದ ಅಡಿನೋಕಾರ್ಸಿನೋಮಾವನ್ನೂ ಬೇರ್ಪಡಿಸುವುದು ಅಂಚೇ: ಅಲ್ಲಿ ಗಡ್ಡೆ ತನ್ನ ಮೇರೆಯಲ್ಲಿ ನಿಂತಿದೆಯೋ, ನೆರೆಯ ಅಂಗಾಂಶಕ್ಕೆ ನುಗ್ಗಿದೆಯೋ ಎಂದು ನೋಡಬೇಕು. ಮೂಳೆ ಸವೆದಿದೆಯೇ ಎಂದು ಸಿಟಿ ಸ್ಕ್ಯಾನ್ ತೋರಿಸುತ್ತದೆ. ಪೆರೋಟಿಡ್‌ಗೋ ನರದ ದಾರಿಗೋ ಇಳಿದಿದೆಯೇ ಎಂಬುದಕ್ಕೆ ಎಂಆರ್‌ಐ. ಎರಡೂ ಬೇಕು, ಒಂದು ಇನ್ನೊಂದರ ಬದಲಿಯಲ್ಲ.

ಕ್ಯಾನ್ಸರ್ ಎಂದು ಖಚಿತವಾದ ಮೇಲೆ, ಗಂಟನ್ನಷ್ಟೇ ಕಿತ್ತು ತೆಗೆಯುವುದು ಸಾಲದು ಎಂಬ ಪಾಠಕ್ಕೆ ಬಹಳ ರೋಗಿಗಳು ಬೆಲೆ ತೆತ್ತಿದ್ದಾರೆ. ಕಿವಿಯ ಸುತ್ತಲಿನ ಟೆಂಪೊರಲ್ ಮೂಳೆಯ ಬಹುಭಾಗವನ್ನು ಒಂದೇ ತುಂಡಾಗಿ ಕೊರೆದು ತೆಗೆಯುವ ಶಸ್ತ್ರಚಿಕಿತ್ಸೆಯನ್ನು ಪಾರ್ಸನ್ಸ್ ಮತ್ತು ಲೂಯಿಸ್ 1954ರಲ್ಲಿ ವಿವರಿಸಿದಾಗ ಅದು ಎದೆಗಾರಿಕೆಯ ಕೆಲಸವಾಗಿತ್ತು. ಈಗ ಹೆಚ್ಚಾಗಿ ಮಾಡುವುದು ಅದರ ಹೊರಬದಿಯ ರೂಪ. ಹೊರನಾಳವನ್ನು ಒಂದು ಕೊಳವೆಯಂತೆ, ತುದಿಯ ತಮಟೆ ಮತ್ತು ಅದಕ್ಕೆ ಅಂಟಿದ ಎರಡು ಪುಟ್ಟ ಮೂಳೆಗಳ ಸಮೇತ, ಒಂದೇ ತುಂಡಾಗಿ ತೆಗೆಯುತ್ತಾರೆ. ಒಳಗಿವಿ ಉಳಿಯುತ್ತದೆ, ಮುಖದ ನರದೊಳಗೆ ಕ್ಯಾನ್ಸರ್ ಇಳಿದಿಲ್ಲವಾದರೆ ಅದೂ ಉಳಿಯುತ್ತದೆ. ಪೆರೋಟಿಡ್‌ನ ಹೊರಭಾಗ ಸಾಮಾನ್ಯವಾಗಿ ಜೊತೆಗೇ ಹೋಗುತ್ತದೆ, ಸಾಂಟೊರಿನಿಯ ಸೀಳುಗಳ ಭಯದಿಂದ. ನರವನ್ನೇ ತೆಗೆಯಬೇಕಾಗಿ ಬಂದರೆ ಕತ್ತಿನಿಂದಲೋ ಕಾಲಿನಿಂದಲೋ ಬೇರೊಂದು ನರದ ತುಂಡು ತಂದು ಕಸಿ ಮಾಡುತ್ತಾರೆ. ಬಹುಪಾಲು ರೋಗಿಗಳಿಗೆ ನಂತರ ವಿಕಿರಣ ಚಿಕಿತ್ಸೆ ಇರುತ್ತದೆ, ನರದ ಬಳಿ ಉಳಿದಿರಬಹುದಾದ ಕೋಶಗಳಿಗಾಗಿ. ಕೀಮೋಥೆರಪಿಗೆ ಈ ಗಡ್ಡೆ ಅಷ್ಟಾಗಿ ಬಗ್ಗುವುದಿಲ್ಲ. ಕೇಳುವ ಶಕ್ತಿ ಆ ಬದಿಯಲ್ಲಿ ಕುಗ್ಗುತ್ತದೆ. ಆದರೆ ಒಳಗಿವಿ ಜೀವಂತವಾಗಿರುವುದರಿಂದ ಮೂಳೆಯ ಮೂಲಕ ಸದ್ದು ಕಳುಹಿಸುವ ಸಾಧನ ನೆರವಾಗುತ್ತದೆ.

ಹೆಸರಿನ ಗೊಂದಲ ಹೊರಗಿವಿಯಲ್ಲೇ ಮುಗಿಯಲಿಲ್ಲ ಎಂಬುದು ಈ ಚರಿತ್ರೆಯ ತಮಾಷೆ. ನಡುಗಿವಿಯ ಅಡಿನೋಮಾವನ್ನು 1976ರಲ್ಲಿ ಎರಡು ತಂಡಗಳು ಬೇರೆ ಬೇರೆಯಾಗಿ ವಿವರಿಸಿದವು. ನಾಲ್ಕು ವರ್ಷದಲ್ಲಿ ಇನ್ನೊಬ್ಬರು ಅಂಥದೇ ಗಡ್ಡೆಯನ್ನು ಕಾರ್ಸಿನಾಯ್ಡ್ ಎಂದರು. ಎರಡೂ ಒಂದೇ ಎಂದು ಒಪ್ಪಲು ದಶಕಗಳು ಹಿಡಿದು, ವಿಶ್ವ ಆರೋಗ್ಯ ಸಂಸ್ಥೆಯ 2022ರ ವರ್ಗೀಕರಣದಲ್ಲಿ ಅದು ನಡುಗಿವಿಯ ನ್ಯೂರೋಎಂಡೊಕ್ರೈನ್ (ನರಕೋಶದ ಗುಣವೂ ಹಾರ್ಮೋನು ಸ್ರವಿಸುವ ಗುಣವೂ ಇರುವ ಕೋಶಗಳ) ಗಡ್ಡೆಯಾಯಿತು. ಹೊರಗಿವಿಯಲ್ಲಿ ಒಂದು ಹೆಸರಿಗೆ ನಾಲ್ಕು ಕಾಯಿಲೆ, ನಡುಗಿವಿಯಲ್ಲಿ ಒಂದು ಕಾಯಿಲೆಗೆ ಎರಡು ಹೆಸರು. ಒಳಗಿವಿಯ ಎಂಡೊಲಿಂಫ್ಯಾಟಿಕ್ ಚೀಲ ಎಂಬ ಪುಟ್ಟ ದ್ರವದ ಚೀಲದ ಗಡ್ಡೆಯದು ಮತ್ತೊಂದು ದಾರಿ: 1984ರಲ್ಲಿ ಬೇರೆ ಕಾರಣಕ್ಕೆ ಆ ಚೀಲದ ಶಸ್ತ್ರಚಿಕಿತ್ಸೆ ಮಾಡುವಾಗ ಎದುರಾದದ್ದು, 1997ರ ಹೊತ್ತಿಗೆ ವಾನ್ ಹಿಪೆಲ್–ಲಿಂಡಾವ್ ಎಂಬ ಆನುವಂಶಿಕ ಕಾಯಿಲೆಯ ಅಂಗವೆಂದು ಖಚಿತವಾಯಿತು. ಆ ಕಾಯಿಲೆಯಿದ್ದ 121 ಮಂದಿಯನ್ನು ಪರೀಕ್ಷಿಸಿದಾಗ 13 ಮಂದಿಯ ಕಿವಿಯಲ್ಲಿ ಅದು ಸಿಕ್ಕಿತ್ತು.

ಮನುಷ್ಯರಲ್ಲಿ ಇಷ್ಟು ವಿರಳವಾದ ಗುಗ್ಗೆಯ ಗ್ರಂಥಿಯ ಗಡ್ಡೆ, ವಯಸ್ಸಾದ ಬೆಕ್ಕು ನಾಯಿಗಳಲ್ಲಿ ಪಶುವೈದ್ಯರಿಗೆ ಪರಿಚಿತ ಕಾಯಿಲೆ. ಬೆಕ್ಕುಗಳಲ್ಲಂತೂ ಅದು ಕ್ಯಾನ್ಸರ್ ಆಗಿರುವುದೇ ಹೆಚ್ಚು.

ಅಡಿನಾಯ್ಡ್ ಸಿಸ್ಟಿಕ್ ಕಾರ್ಸಿನೋಮಾಕ್ಕೆ ಚಿಕಿತ್ಸೆ ಪಡೆದವರನ್ನು ಐದು ವರ್ಷ ಕಳೆದ ಮಾತ್ರಕ್ಕೆ ವೈದ್ಯರು ಬಿಡುವುದಿಲ್ಲ. ಹತ್ತು, ಹದಿನೈದು ವರ್ಷಗಳ ನಂತರವೂ ಕರೆಸಿಕೊಳ್ಳುತ್ತಾರೆ. ಕಿವಿ ಮಾಯ್ದು ಎಷ್ಟೋ ಕಾಲವಾಗಿದೆ, ಈಗ ಎದೆಯ ಸ್ಕ್ಯಾನ್ ಏಕೆ ಎಂದು ಮನೆಯವರು ಕೇಳುತ್ತಾರೆ. ಈ ಕ್ಯಾನ್ಸರ್ ಕುತ್ತಿಗೆಯ ದುಗ್ಧಗ್ರಂಥಿಗಳಿಗಿಂತ ರಕ್ತದ ದಾರಿಯನ್ನು ಇಷ್ಟಪಡುತ್ತದೆ, ಮತ್ತು ಅದು ಇಳಿದುಕೊಳ್ಳುವ ಮೊದಲ ತಾಣ ಬಹುಪಾಲು ಶ್ವಾಸಕೋಶ. ಅಲ್ಲೂ ಅದಕ್ಕೆ ಅವಸರವಿಲ್ಲ. ಸ್ಕ್ಯಾನಿನಲ್ಲಿ ಕಾಳಿನಷ್ಟು ಚುಕ್ಕೆಗಳು ಕಂಡ ಮೇಲೂ, ಅವು ಬೆಳೆಯದೆ ಇರುವಷ್ಟು ದಿನ ಯಾವ ಔಷಧವನ್ನೂ ಕೊಡದೆ ಬರಿದೇ ಗಮನಿಸುತ್ತಾ ಇರುವುದುಂಟು. ಹಾಗೆ ವರ್ಷಗಟ್ಟಲೆ ಕೆಲಸಕ್ಕೆ ಹೋಗಿ ಬರುತ್ತಾ ಇರುವ ರೋಗಿಗಳಿದ್ದಾರೆ.