ಬಾಡಿದ ಪೈನ್, ಒಣಗಿದ ಚೂರು

ನಮ್ಮೂರಲ್ಲಿ ನೆಮಟೋಡ್ ಅಂದರೆ ಬೇರಿನ ಹುಳು. ಮೆಣಸಿನ ಬಳ್ಳಿ ಹಳದಿಯಾದರೆ, ಟೊಮೆಟೊ ಬೇರಲ್ಲಿ ಗಂಟು ಕಟ್ಟಿದರೆ ಮಣ್ಣನ್ನು ಪರೀಕ್ಷೆಗೆ ಕಳಿಸುತ್ತೇವೆ. ನಾನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡುವ ನೆಮಟೋಡ್ ಹುಳುವಿಗೆ ಮಣ್ಣಿನ ಹಂಗೇ ಇಲ್ಲ. ಅದು ಪೈನ್ ಮರದ ಕಾಂಡದೊಳಗೇ ಹುಟ್ಟಿ ಅಲ್ಲೇ ಸಂಸಾರ ಮಾಡುತ್ತದೆ. ಹೆಸರು ಬರ್ಸಫೆಲೆಂಕಸ್ ಕ್ಸೈಲೋಫಿಲಸ್. ಉದ್ದ ಹೆಚ್ಚುಕಡಿಮೆ 1 ಮಿಲಿಮೀಟರ್, ದಪ್ಪ ಕೂದಲಿಗಿಂತ ಕಡಿಮೆ.

ಇದರ ತವರು ಉತ್ತರ ಅಮೆರಿಕ. ಅಲ್ಲಿನ ಪೈನ್‌ಗಳು ಬಹುಪಾಲು ಇದರ ಜೊತೆ ಹೊಂದಿಕೊಂಡಿವೆ. ಜಪಾನಿನ ಮರಗಳಿಗೆ ಆ ಅಭ್ಯಾಸ ಇರಲಿಲ್ಲ. 1905ರಲ್ಲಿ ನಾಗಸಾಕಿ ಕಡೆ ಪೈನ್ ಸಾಯುತ್ತಿರುವ ಸುದ್ದಿ ಬಂತು. ದಶಕಗಳ ಕಾಲ ದುಂಬಿಯನ್ನೇ ಬೈದರು. ಹುಳುವೇ ಕಾರಣ ಎಂದು ಸಾಬೀತಾಗಿದ್ದು 1971ರಲ್ಲಿ. ದುಂಬಿಯೂ ಪೂರ್ತಿ ನಿರಪರಾಧಿ ಏನಲ್ಲ. ಉದ್ದ ಮೀಸೆಯ ಆ ದುಂಬಿಯ ಉಸಿರಿನ ಕೊಳವೆಗಳಲ್ಲಿ ಹುಳುಗಳು ಕೂತು ಬರುತ್ತವೆ. ದುಂಬಿ ಎಳೆ ಕೊಂಬೆಯ ತೊಗಟೆ ಕಡಿದಾಗ ಆ ಗಾಯದಿಂದ ಒಳಗಿಳಿಯುತ್ತವೆ. ಹುಳು 1982ರಲ್ಲಿ ಚೀನಾದ ನಾಂಜಿಂಗ್‌ನಲ್ಲಿ, 1999ರಲ್ಲಿ ಪೋರ್ಚುಗಲ್‌ನಲ್ಲಿ ಕಾಣಿಸಿಕೊಂಡಿತು. ಬೇಸಿಗೆಯಲ್ಲಿ ಹುಳು ಹೊಕ್ಕ ಮರ ಎಷ್ಟೋ ಸಲ ಶರತ್ಕಾಲಕ್ಕೇ ಕೆಂಪಗಾಗಿ ಒಣಗಿರುತ್ತದೆ.

ಪೈನ್ ಮರದಲ್ಲಿ ನೀರು ಸಣ್ಣ ಸಣ್ಣ ನಾಳಗಳಲ್ಲಿ ಏರುತ್ತದೆ. ಒಂದು ನಾಳದಿಂದ ಪಕ್ಕದ ನಾಳಕ್ಕೆ ದುಂಡನೆಯ ಕಿಂಡಿ. ಆ ಕಿಂಡಿಯ ನಡುವೆ ಒಂದು ಬಿಲ್ಲೆ, ಅದನ್ನು ಹಿಡಿದುಕೊಂಡ ಬಲೆಯಂಥ ಎಳೆಗಳು. ಒಂದು ನಾಳಕ್ಕೆ ಗಾಳಿ ನುಗ್ಗಿದರೆ ಬಿಲ್ಲೆ ಪಕ್ಕಕ್ಕೆ ಸರಿದು ಕಿಂಡಿ ಮುಚ್ಚುತ್ತದೆ. ನೋಡಲು ಎಷ್ಟು ಚೆಂದ ಅಂದರೆ, ಈಗಲೂ ಸುಮ್ನೆ ಒಂದೆರಡು ನಿಮಿಷ ಜಾಸ್ತಿ ನೋಡುತ್ತಾ ಕೂರುತ್ತೇನೆ.

ಶುರುವಿನಲ್ಲಿ ಒಂದು ಬಾಡಿದ ಮರದ ಚೂರಿನಲ್ಲಿ ಎಲ್ಲಾ ಬಿಲ್ಲೆಗಳೂ ಮುಚ್ಚಿರುವುದು ಕಂಡಿತು. ರೋಗದ ಗುಟ್ಟು ಸಿಕ್ಕೇಬಿಟ್ಟಿತು ಎಂದು ಹಿಗ್ಗಿದೆ. ಹಿರಿಯರೊಬ್ಬರು ಕೇಳಿದ್ದು ಒಂದೇ ಮಾತು, ಆರೋಗ್ಯದ ಮರದ ಚೂರು ಎಲ್ಲಿ? ಅದನ್ನೂ ನೋಡಿದೆ. ಅಲ್ಲೂ ಎಲ್ಲಾ ಮುಚ್ಚಿದ್ದವು! ಎರಡೂ ಚೂರುಗಳನ್ನು ಮೇಜಿನ ಮೇಲೆ ಬಿಟ್ಟು ಊಟಕ್ಕೆ ಹೋಗಿದ್ದೆ. ಚೂರು ಒಣಗುವಾಗ ಹಿಂದೆ ಸರಿಯುವ ನೀರು ಬಿಲ್ಲೆಯನ್ನೂ ಎಳೆದುಕೊಂಡು ಹೋಗುತ್ತದೆ. ಮುಚ್ಚಿದ್ದು ಹುಳುವಲ್ಲ, ನನ್ನ ಊಟದ ಬಿಡುವು.

ಹಾಗಾಗಿ ಗಾಳಿಯಲ್ಲಿ ಒಣಗಿಸುವಂತಿಲ್ಲ. ಚೂರನ್ನು ಮೊದಲು ಗ್ಲುಟರಾಲ್ಡಿಹೈಡ್‌ನಲ್ಲಿ, ಅಂದರೆ ಕೋಶಗಳನ್ನು ಇದ್ದ ಹಾಗೇ ಹಿಡಿದಿಡುವ ದ್ರಾವಣದಲ್ಲಿ, ಇಡಬೇಕು. ಆಮೇಲೆ ಆಲ್ಕೋಹಾಲನ್ನು ಶೇಕಡಾ 30, 50, 70 ಹೀಗೆ ಏರಿಸುತ್ತಾ ನೂರಕ್ಕೆ ಒಯ್ದು, ಕೊನೆಗೆ ಒತ್ತಡದಲ್ಲಿ ದ್ರವ ಕಾರ್ಬನ್ ಡೈಆಕ್ಸೈಡ್ ತುಂಬಿ, ಬಿಸಿ ಮಾಡಿ ಅನಿಲವಾಗಿ ಬಿಡಬೇಕು. ಬಿಲ್ಲೆ ಉಳಿಯುತ್ತದೆ. ಆದರೆ ಪೈನ್ ರಾಳ ಆಲ್ಕೋಹಾಲಿನಲ್ಲಿ ಕರಗುತ್ತದೆ, ಅಲ್ವಾ? ರೋಗ ಬಂದ ಮರದಲ್ಲಿ ರಾಳ, ಎಣ್ಣೆಯಂಥ ವಸ್ತುಗಳು ನಾಳಗಳಿಗೆ ಸೇರಿ ನೀರಿನ ದಾರಿ ತಪ್ಪಿಸುತ್ತವೆಯೇ ಎಂದು ನೋಡಲು ಹೊರಟವರು ಆ ಸಾಕ್ಷಿಯನ್ನೇ ತೊಳೆದು ಚೆಲ್ಲಿದಂತೆ.

ಇದಕ್ಕೆ ನನ್ನ ಪ್ರಕಾರ ಸರಿಯಾದ ದಾರಿ ಘನೀಕರಿಸಿ ನೋಡುವುದು. ಮರ ನಿಂತಿರುವಾಗಲೇ ಕಾಂಡಕ್ಕೆ ಒಂದು ತೊಟ್ಟಿ ಕಟ್ಟಿ ದ್ರವ ಸಾರಜನಕ ಸುರಿಯಬೇಕು, ಗಟ್ಟಿಯಾದ ಮೇಲೆ ಗರಗಸ. ಮೊದಲೇ ಕತ್ತರಿಸಿದರೆ, ಎಳೆತದಲ್ಲಿರುವ ನೀರಿನ ಜಾಗಕ್ಕೆ ಗಾಳಿ ನುಗ್ಗಿಬಿಡುತ್ತದೆ. ಹೀಗೆ ನೋಡಿದಾಗ ಮಂಜುಗಡ್ಡೆ ತುಂಬಿದ ನಾಳದಲ್ಲಿ ನೀರಿತ್ತು, ಖಾಲಿ ನಾಳಕ್ಕೆ ಗಾಳಿ ಹೊಕ್ಕಿದೆ.

ಹುಳು ಎಲ್ಲಿ? ಹೆಚ್ಚಾಗಿ ರಾಳದ ಕಾಲುವೆಗಳಲ್ಲಿ. ಕಾಲುವೆಯ ಸುತ್ತಲಿನ ಜೀವಂತ ಕೋಶಗಳಿಗೆ ಸೂಜಿಯಂಥ ಬಾಯಿ ಚುಚ್ಚಿ ಹೀರುತ್ತದೆ. ಬ್ಲೇಡಿನ ಹೊಡೆತಕ್ಕೆ ಅದು ಪಕ್ಕಕ್ಕೆ ಜಾರಿರಬಹುದು. ಆದ್ದರಿಂದ ಬರಿದಾದ ಜಾಗದಲ್ಲಿ ಒಂಟಿಯಾಗಿ ಬಿದ್ದ ಹುಳುವಿನ ಫೋಟೋಗೆ ನಾನು ಅಷ್ಟು ಬೆಲೆ ಕೊಡುವುದಿಲ್ಲ. ಹುಳುವಿನ ಚರ್ಮದ ಮೇಲೆ ಬ್ಯಾಕ್ಟೀರಿಯಾ ಕಂಡರೂ ಅಷ್ಟೇ. ರೋಗದಲ್ಲಿ ಅವುಗಳ ಪಾಲೆಷ್ಟು ಎಂಬ ಜಗಳ ಹಳೆಯದು. ತೊಳೆಯುವ ನೀರಿನಿಂದಲೂ ಅವು ಅಂಟಿಕೊಂಡಿರಬಹುದು. 70 ನ್ಯಾನೋಮೀಟರ್ ದಪ್ಪದ, ಅಂದರೆ ತೀರಾ ತೆಳುವಾದ, ಮರದ ಹೋಳುಗಳಲ್ಲಿ ಕಾಣುವುದೇ ಬೇರೆ. ಹುಳು ಇನ್ನೂ ಮುಟ್ಟದ ಕೋಶಗಳಲ್ಲೂ ಪೊರೆ ಹರಿದು, ಒಳಗಿನದು ಮುದುಡಿರುತ್ತದೆ. ಅಂದರೆ ಮರ ಸಾಯುವುದು ಬರೀ ಹುಳು ತಿಂದಿದ್ದಕ್ಕಲ್ಲ.

ರೋಗ ಇದೆಯೋ ಇಲ್ಲವೋ ಅಷ್ಟೇ ತಿಳಿಯಬೇಕಿದ್ದರೆ ನನ್ನ ಹತ್ತಿರ ಬರಲೇಬೇಡಿ. ಲಾಳಿಕೆಯಲ್ಲಿ ಬಟ್ಟೆ ಹಾಸಿ, ಮರದ ಚೂರು ನೀರಲ್ಲಿ ನೆನೆಸಿದರೆ ಮಾರನೆ ದಿನ ಹುಳುಗಳು ಕೆಳಗಿಳಿದಿರುತ್ತವೆ. ಸಾಮಾನ್ಯ ಮೈಕ್ರೋಸ್ಕೋಪು ಸಾಕು. ತೀರಾ ಹೋಲುವ ಸಂಬಂಧಿಯೊಂದು ಇರುವುದರಿಂದ ಡಿಎನ್‌ಎ ನೋಡಿ ಗುರುತಿಸುವ ಪಿಸಿಆರ್ ಪರೀಕ್ಷೆ ಮಾಡಿಸಿದರೆ ಖಚಿತ.

ಮೊನ್ನೆಯೂ ಒಂದು ಪಾರ್ಸೆಲ್ ಬಂತು. ಬಾಡಿದ ಕೊಂಬೆ ಮಾತ್ರ, ಅದೂ ದಾರಿಯಲ್ಲಿ ಇನ್ನಷ್ಟು ಒಣಗಿತ್ತು. ಫೋನ್ ಮಾಡಿ, ಪಕ್ಕದ ಹಸಿರು ಮರದ್ದೂ ಒಂದು ತುಂಡು ಬೇಕು, ಎರಡನ್ನೂ ಹಸಿಯಾಗಿರುವಾಗಲೇ ದ್ರಾವಣಕ್ಕೆ ಹಾಕಿ ಕಳಿಸಿ ಎಂದೆ.